ಕಿರಿಯ ತಂತ್ರಜ್ಞಾನ ಸಂಸ್ಥೆಗಳಲ್ಲಿ ಉದ್ಯೋಗ: ವೇತನ, ಗಾತ್ರ, ನೇತೃತ್ವಗಳ ತೌಲನಿಕ ವಿವೇಚನೆ

ಕುರುವತ್ತಿಯ ಜಾತ್ರೆಯಲ್ಲಿ ಎತ್ತು ಕೊಳ್ಳಲು ಹೋದ ನಮ್ಮ ಸೀಮೆಯ ರೈತನನ್ನು ಗಮನಿಸಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಅವನು ಬೆಲೆಯ ಮಾತನ್ನು ಕೊನೆಗೆ ಎತ್ತುತ್ತಾನೆ. ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ; ಸುಳಿ ನೋಡುತ್ತಾನೆ; ಗೊರಸು ಮುಟ್ಟಿ ನೋಡುತ್ತಾನೆ; ನಾಲ್ಕು ಹೆಜ್ಜೆ ನಡೆಸಿ, ಸಾಧ್ಯವಾದರೆ ನೊಗ ಹೂಡಿಸಿ ನೋಡುತ್ತಾನೆ. ಮಾರುವವನ ಊರು, ಮನೆತನ, ಮಾತಿನ ನಿಲುಗಡೆ ಇವನ್ನೂ ವಿಚಾರಿಸದೆ ಬಿಡುವುದಿಲ್ಲ. ಆದರೆ ಅದೇ ರೈತನ ಮಗನು ಇಂಜಿನಿಯರಿಂಗ್ ಪದವಿಯನ್ನು ಮುಗಿಸಿ, ನೌಕರಿಯ ಪತ್ರವನ್ನು ಕೈಯಲ್ಲಿ ಹಿಡಿದು ಮನೆಗೆ ಬಂದಾಗ ಮನೆಯವರೆಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಪಗಾರ ಎಷ್ಟು?’

ಈ ಒಂದೇ ಪ್ರಶ್ನೆಯಿಂದ ತೃಪ್ತರಾದವರಲ್ಲಿ ಈ ಲೇಖಕನೂ ಒಬ್ಬನು. ಮೂರು ವರ್ಷಗಳ ಹಿಂದೆ ಕೂಡ್ಲಿಗಿ ತಾಲ್ಲೂಕಿನ ಒಂದು ಹಳ್ಳಿಯಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ತಂದೆಯೊಡನೆ ನಮ್ಮ ಮನೆಗೆ ಬಂದಿದ್ದನು. ಮಗನ ಓದಿಗಾಗಿ ತಂದೆಯು ಎರಡು ಎಕರೆ ಖುಷ್ಕಿ ಜಮೀನನ್ನು ಒತ್ತೆ ಇಟ್ಟಿದ್ದರು. ಹುಡುಗನ ಬಳಿ ಎರಡು ಪತ್ರಗಳಿದ್ದವು. ಒಂದು, ಬೆಂಗಳೂರಿನಲ್ಲಿ ಆರು ಮಂದಿ ಸೇರಿ ಹೊಸದಾಗಿ ತೆರೆದ ಕಂಪೆನಿಯದು. ವಾರ್ಷಿಕ ವೇತನ 6,00,000 ರೂಪಾಯಿ. ಇನ್ನೊಂದು, ಹುಬ್ಬಳ್ಳಿಯಲ್ಲಿ ಹಲವು ವರ್ಷಗಳಿಂದ ನಡೆದು ಬಂದ, ಸುಮಾರು ನೂರು ಜನರಿದ್ದ ಸಂಸ್ಥೆಯದು. ವಾರ್ಷಿಕ ವೇತನ 3,60,000 ರೂಪಾಯಿ. ‘ಮೇಷ್ಟ್ರೇ, ನಮಗೇನು ತಿಳಿತೈತ್ರಿ, ನೀವು ಹೆಂಗ ಹೇಳ್ತೀರೋ ಹಂಗ’ ಎಂದರು ತಂದೆ. ನಾನು ಎರಡು ಅಂಕಿಗಳನ್ನು ನೋಡಿ, ಕ್ಷಣವೂ ಯೋಚಿಸದೆ, ಬೆಂಗಳೂರಿಗೆ ಹೋಗೆಂದು ಹೇಳಿದೆ.

ಏಳನೆಯ ತಿಂಗಳು ಸಂಬಳ ತಡವಾಯಿತು. ಎಂಟನೆಯ ಮತ್ತು ಒಂಬತ್ತನೆಯ ತಿಂಗಳು ಬರಲೇ ಇಲ್ಲ. ಹತ್ತನೆಯ ತಿಂಗಳು ಕಚೇರಿಯ ಬಾಗಿಲಿಗೆ ಬೀಗ ಬಿದ್ದಿತು. ಸೇರುವಾಗ ಒಪ್ಪಿಸಿದ್ದ ಮೂಲ ಅಂಕಪಟ್ಟಿಗಳನ್ನು ಮರಳಿ ಪಡೆಯಲು ಹುಡುಗನು ನಾಲ್ಕು ತಿಂಗಳು ಅಲೆದನು. ಮುಂದೆ ಅವನು ಬೇರೊಂದು ಸಂಸ್ಥೆಯಲ್ಲಿ ನೆಲೆ ನಿಂತನೆಂಬುದು ಸಮಾಧಾನದ ವಿಷಯ. ಆದರೆ ನಡುವಿನ ಒಂದು ವರ್ಷದ ಬಡ್ಡಿಯನ್ನು ಅವನ ತಂದೆಯೇ ತೆತ್ತರು. ಆ ಬಳಿಕ ಒಮ್ಮೆ ಭೇಟಿಯಾದಾಗ ಅವನು ಯಾವ ಆಕ್ಷೇಪಣೆಯೂ ಇಲ್ಲದೆ ನನ್ನನ್ನು ಕೇಳಿದ ಮಾತಿದು: ‘ಸರ್, ಅವತ್ತು ನಾವು ಏನೇನು ಕೇಳಬೇಕಾಗಿತ್ತು?’ ಪ್ರಸ್ತುತ ಲೇಖನವು ಆ ಪ್ರಶ್ನೆಗೆ, ತಡವಾಗಿಯಾದರೂ, ಉತ್ತರ ಕೊಡುವ ಪ್ರಯತ್ನವಾಗಿದೆ.

ವಿಷಯದ ಪ್ರಸ್ತುತತೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳು 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಗೆ ಸೇರಿವೆ. ಬಹುಭಾಗ ಮಳೆಯನ್ನೇ ನಂಬಿದ ನೆಲ. ಶೇಂಗಾ, ಮೆಕ್ಕೆಜೋಳ, ಜೋಳ, ಸಜ್ಜೆ ಇಲ್ಲಿನ ಬೆಳೆಗಳು. ಹಡಗಲಿಯ ಮಲ್ಲಿಗೆ ನಾಡಿನಲ್ಲೆಲ್ಲ ಹೆಸರಾದುದು. 2013ರಲ್ಲಿ ಸಂವಿಧಾನದ 371(ಜೆ) ವಿಧಿಯು ಜಾರಿಗೆ ಬಂದು, ಅಂದಿನ ಬಳ್ಳಾರಿ ಜಿಲ್ಲೆಯ ವಿದ್ಯಾರ್ಥಿಗಳಿಗೆ ಉನ್ನತ ಶಿಕ್ಷಣದಲ್ಲಿಯೂ ಸರಕಾರಿ ನೇಮಕಾತಿಯಲ್ಲಿಯೂ ಮೀಸಲು ಸ್ಥಾನಗಳು ದೊರೆತವು. ಆಗ ದಾವಣಗೆರೆ ಜಿಲ್ಲೆಯಲ್ಲಿದ್ದ ಹರಪನಹಳ್ಳಿಗೆ ಈ ಸೌಲಭ್ಯವು ತರುವಾಯ ವಿಸ್ತರಿಸಿತು. ಇದರಿಂದ ನಮ್ಮ ಮಕ್ಕಳಿಗೆ ತಾಂತ್ರಿಕ ಕಾಲೇಜುಗಳ ಹಾದಿ ಹಿಂದಿಗಿಂತ ಸುಗಮವಾಗಿದೆ. ಆದರೆ ಕಾಲೇಜಿನ ಬಾಗಿಲವರೆಗೆ ಕೈಹಿಡಿದು ನಡೆಸುವ ಈ ವಿಧಿಯು ಖಾಸಗಿ ಕಂಪೆನಿಯ ಬಾಗಿಲಲ್ಲಿ ಜೊತೆಗೆ ಬರುವುದಿಲ್ಲ. ಅಲ್ಲಿ ವಿದ್ಯಾರ್ಥಿಯ ಸ್ವಂತ ವಿವೇಕವೇ ಅವನಿಗೆ ಆಸರೆ.

ದೊಡ್ಡ ಕಂಪೆನಿಗಳು ಎಲ್ಲರನ್ನೂ ತೆಗೆದುಕೊಳ್ಳುವುದಿಲ್ಲ. ನಮ್ಮ ಕಡೆಯ ಪದವೀಧರರಲ್ಲಿ ಅನೇಕರ ಮೊದಲ ನೌಕರಿ ಹತ್ತು, ಐವತ್ತು, ಇನ್ನೂರು ಜನರಿರುವ ಕಿರಿಯ ಸಂಸ್ಥೆಗಳಲ್ಲಿಯೇ ಆರಂಭವಾಗುತ್ತದೆ. ದೊಡ್ಡ ಸಂಸ್ಥೆಯ ಬಗೆಗೆ ಪತ್ರಿಕೆಗಳು ಬರೆಯುತ್ತವೆ, ನೆರೆಹೊರೆಯವರು ಬಲ್ಲರು. ಕಿರಿಯ ಸಂಸ್ಥೆಯ ವಿಷಯವನ್ನು ತಿಳಿಸುವವರು ವಿರಳ. ಆದುದರಿಂದ ಅವನ್ನು ಒಂದರೊಡನೊಂದು ತೂಗಿ ನೋಡುವ ಕ್ರಮವನ್ನು ನಾವೇ ಕಲಿಯಬೇಕು. ತೂಗಲು ಮೂರು ಬಟ್ಟುಗಳು ಸಾಕು: ವೇತನ, ಗಾತ್ರ, ನೇತೃತ್ವ.

ಒಂದು: ವೇತನ

ಕೊಟ್ಟೂರಿನ ಪೇಟೆಗೆ ಶೇಂಗಾ ಒಯ್ದ ರೈತನಿಗೆ ಪೇಟೆಯ ಧಾರಣೆ ಬೇರೆ, ತಕ್‌ಪಟ್ಟಿಯ ಕೊನೆಯಲ್ಲಿ ಉಳಿಯುವ ಮೊತ್ತ ಬೇರೆ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನೌಕರಿಯ ಪತ್ರದಲ್ಲಿಯೂ ಹಾಗೆಯೇ. ಅಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದಿರುವುದು ‘ಸಿ.ಟಿ.ಸಿ.’, ಎಂದರೆ ಆ ನೌಕರನಿಗಾಗಿ ಕಂಪೆನಿಯು ವರ್ಷಕ್ಕೆ ಮಾಡಬಹುದಾದ ಒಟ್ಟು ವೆಚ್ಚ. ಕೈಗೆ ಬರುವ ಸಂಬಳವು ಅದರ ಒಂದು ಭಾಗ ಮಾತ್ರ.

ನಮ್ಮ ವಿದ್ಯಾರ್ಥಿಯ ಎರಡು ಪತ್ರಗಳನ್ನೇ ಇಂದಿನ ನಿಯಮಗಳಂತೆ ಬಿಡಿಸಿ ನೋಡೋಣ. ಹುಬ್ಬಳ್ಳಿಯ ಪತ್ರದ 3,60,000 ರೂಪಾಯಿಗಳಲ್ಲಿ 36,000 ರೂಪಾಯಿ ಕಾರ್ಯಸಾಧನೆಯನ್ನು ನೋಡಿ ವರ್ಷಾಂತ್ಯದಲ್ಲಿ ಕೊಡತಕ್ಕದ್ದು. ಮೂಲವೇತನ ತಿಂಗಳಿಗೆ 15,000 ರೂಪಾಯಿ. ಅದರ ಶೇಕಡಾ 12ರಂತೆ ಮಾಲೀಕರ ಭವಿಷ್ಯನಿಧಿ ವಂತಿಗೆ ತಿಂಗಳಿಗೆ 1,800, ವರ್ಷಕ್ಕೆ 21,600. ಉಪದಾನಕ್ಕಾಗಿ, ಅಂದರೆ ಗ್ರಾಚ್ಯುಯಿಟಿಗಾಗಿ, ತೆಗೆದಿರಿಸುವ ಹಣ ವರ್ಷಕ್ಕೆ ಸುಮಾರು 8,650. ಇವುಗಳನ್ನು ಕಳೆದರೆ ಉಳಿಯುವುದು 2,93,750. ತಿಂಗಳಿಗೆ ಸುಮಾರು 24,480. ಅದರಿಂದ ನೌಕರನ ಪಾಲಿನ ಭವಿಷ್ಯನಿಧಿ 1,800 ರೂಪಾಯಿಯನ್ನು ಮುರಿದುಕೊಂಡ ಮೇಲೆ ಕೈಗೆ ಬರುವುದು ಸುಮಾರು 22,680 ರೂಪಾಯಿ.

ಬೆಂಗಳೂರಿನ ಪತ್ರದ 6,00,000 ರೂಪಾಯಿಗಳಲ್ಲಿ 1,80,000 ರೂಪಾಯಿ ವರ್ಷಾಂತ್ಯದ ಕಾರ್ಯಸಾಧನೆಗೆ, 60,000 ರೂಪಾಯಿ ಎರಡು ವರ್ಷ ಪೂರೈಸಿದ ಮೇಲೆ ಕೊಡುವ ಉಳಿಕೆ ಭತ್ಯಕ್ಕೆ. ಉಳಿದುದು 3,60,000, ತಿಂಗಳಿಗೆ 30,000. ಭವಿಷ್ಯನಿಧಿ ಇಲ್ಲ. ತಿಂಗಳಿಗೆ 25,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಸಂಬಳವುಳ್ಳವರಿಗೆ ನಮ್ಮ ರಾಜ್ಯದಲ್ಲಿ ವಿಧಿಸುವ ವೃತ್ತಿ ತೆರಿಗೆ 200 ರೂಪಾಯಿಯನ್ನು ಕಳೆದರೆ ಕೈಗೆ 29,800.

ಇನ್ನು ಖರ್ಚು. ಬೆಂಗಳೂರಿನಲ್ಲಿ ಹುಡುಗನಿಗೆ ಕೋಣೆ, ಊಟ, ಬಸ್ಸುಗಳಿಗೆ ತಿಂಗಳಿಗೆ 15,000 ರೂಪಾಯಿ ತಗಲುತ್ತಿತ್ತು. ಹುಬ್ಬಳ್ಳಿಯಲ್ಲಿದ್ದ ಅವನ ಸಹಪಾಠಿಗೆ 8,000 ಸಾಕಾಗುತ್ತಿತ್ತು. ಹೀಗೆ ಕೂಡಿ ಕಳೆದರೆ ಬೆಂಗಳೂರಿನಲ್ಲಿ ತಿಂಗಳಿಗೆ ಉಳಿಯುವುದು 14,800, ಹುಬ್ಬಳ್ಳಿಯಲ್ಲಿ 14,680. ಕಾಗದದ ಮೇಲೆ ವರ್ಷಕ್ಕೆ 2,40,000 ರೂಪಾಯಿಗಳ ಅಂತರವಿದ್ದುದು ಕಿಸೆಯಲ್ಲಿ ತಿಂಗಳಿಗೆ 120 ರೂಪಾಯಿಗೆ ಇಳಿಯಿತು! ಇದರ ಮೇಲೆ ಹುಬ್ಬಳ್ಳಿಯಲ್ಲಿ ಎರಡೂ ಪಾಲು ಸೇರಿ ತಿಂಗಳಿಗೆ 3,600 ರೂಪಾಯಿ ಅವನ ಹೆಸರಿನಲ್ಲಿ ಭವಿಷ್ಯನಿಧಿ ಮತ್ತು ಪಿಂಚಣಿಯ ಲೆಕ್ಕಕ್ಕೆ ಜಮೆಯಾಗುತ್ತಿತ್ತು. ಈ ಲೆಕ್ಕಕ್ಕೆ ಏಳನೆಯ ತರಗತಿಯ ಗಣಿತ ಸಾಕು. ಗಣಿತದ ಅಧ್ಯಾಪಕನಾದ ನಾನು ಅಂದು ಅದನ್ನು ಮಾಡಲಿಲ್ಲ.

ವೇತನದ ಬದಲು ಷೇರು ಕೊಡುತ್ತೇವೆನ್ನುವ ಸಂಸ್ಥೆಗಳೂ ಉಂಟು. ಇದು ಸುಳ್ಳೆಂದು ತಳ್ಳಿಹಾಕತಕ್ಕದ್ದಲ್ಲ. ಇನ್ಫೋಸಿಸ್ ಸಂಸ್ಥೆಯು 1994ರಲ್ಲಿ ತನ್ನ ನೌಕರರಿಗೆ ಷೇರು ಹಂಚುವ ಯೋಜನೆಯನ್ನು ತಂದು, ಮಧ್ಯಮ ವರ್ಗದ ಅನೇಕ ಕುಟುಂಬಗಳ ಸ್ಥಿತಿಯನ್ನೇ ಬದಲಿಸಿತು. ಆದರೆ ಆ ಕಂಪೆನಿಯ ಷೇರುಗಳು ಅದಕ್ಕೆ ಹಿಂದಿನ ವರ್ಷವೇ, 1993ರಲ್ಲಿ, ಸಾರ್ವಜನಿಕ ಮಾರುಕಟ್ಟೆಗೆ ಬಂದಿದ್ದುವೆಂಬುದನ್ನು ಮರೆಯಬಾರದು. ಮಾರುವ ಪೇಟೆ ಇದ್ದಾಗ ಮಾತ್ರ ಮಾಲಿಗೆ ಬೆಲೆ. ಷೇರು ಎಷ್ಟು ವರ್ಷಗಳಲ್ಲಿ ತನ್ನದಾಗುತ್ತದೆ, ನಡುವೆ ಬಿಟ್ಟರೆ ಏನಾಗುತ್ತದೆ, ಅದನ್ನು ಮರಳಿ ಕೊಳ್ಳುವವರು ಯಾರು, ಈ ಮೂರಕ್ಕೂ ಲಿಖಿತ ಉತ್ತರವಿಲ್ಲದಿದ್ದರೆ ಷೇರಿನ ಮಾತನ್ನು ವೇತನದ ಲೆಕ್ಕದಲ್ಲಿ ಹಿಡಿಯಲಾಗದು.

ಎರಡು: ಗಾತ್ರ

ಸಂಸ್ಥೆಯ ಗಾತ್ರವೆಂದರೆ ಕಟ್ಟಡದ ಅಂತಸ್ತುಗಳಲ್ಲ. ಅಲ್ಲಿ ದುಡಿಯುವ ಜನರ ಸಂಖ್ಯೆ. ಈ ಸಂಖ್ಯೆಗೆ ಕಾನೂನಿನಲ್ಲಿ ಬಹಳ ಮಹತ್ವವಿದೆ. ಹತ್ತು ಅಥವಾ ಹೆಚ್ಚು ನೌಕರರಿರುವಲ್ಲಿ ಉಪದಾನ, ಹೆರಿಗೆ ಸೌಲಭ್ಯ, ಹಾಗೂ ತಿಂಗಳಿಗೆ 21,000 ರೂಪಾಯಿವರೆಗೆ ವೇತನವುಳ್ಳವರಿಗೆ ರಾಜ್ಯ ವಿಮೆ ಅನ್ವಯಿಸುತ್ತವೆ. 2013ರ ಕಾಯಿದೆಯಂತೆ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳದ ದೂರುಗಳನ್ನು ವಿಚಾರಿಸುವ ಆಂತರಿಕ ಸಮಿತಿಯೂ ಹತ್ತು ಜನರಿರುವಲ್ಲಿ ಕಡ್ಡಾಯ. ಇಪ್ಪತ್ತು ನೌಕರರಾದರೆ ಭವಿಷ್ಯನಿಧಿ. ಐವತ್ತಾದರೆ ಶಿಶುಪಾಲನಾ ಕೇಂದ್ರ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಈ ಸಂಖ್ಯೆಗಳನ್ನು ಹಾಗೆಯೇ ಉಳಿಸಿಕೊಂಡು ಕೆಲವು ಹೊಸ ರಕ್ಷಣೆಗಳನ್ನು ಸೇರಿಸಿವೆ. ನೇಮಕಾತಿ ಪತ್ರ ಕೊಡುವುದು ಮಾಲೀಕನ ಕರ್ತವ್ಯವಾಗಿದೆ. ಕೆಲಸ ಬಿಟ್ಟವನ ವೇತನದ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ತೀರಿಸಬೇಕು. ನಿಗದಿತ ಅವಧಿಗೆ ನೇಮಕಗೊಂಡವನಿಗೆ ಐದು ವರ್ಷದ ಬದಲು ಒಂದು ವರ್ಷದ ಸೇವೆಗೇ ಉಪದಾನದ ಹಕ್ಕು ಬರುತ್ತದೆ.

ಹೀಗಿರುವಾಗ ಆರು ಜನರ ಕಂಪೆನಿಯನ್ನು ಸೇರುವವನು ಈ ರಕ್ಷಣೆಗಳಲ್ಲಿ ಬಹುಪಾಲನ್ನು ಬಿಟ್ಟು ಸೇರುತ್ತಾನೆಂದಾಯಿತು. ಅದು ತಪ್ಪೇನೂ ಅಲ್ಲ. ತಿಳಿದು ಸೇರಬೇಕು ಅಷ್ಟೆ. ಏಕೆಂದರೆ ಚಿಕ್ಕ ಗಾತ್ರಕ್ಕೆ ತನ್ನದೇ ಆದ ಗುಣವೂ ಇದೆ. ಸಾವಿರಾರು ಜನರಿರುವಲ್ಲಿ ಹೊಸಬನಿಗೆ ಯಂತ್ರದ ಒಂದು ಹಲ್ಲನ್ನು ಉಜ್ಜುವ ಕೆಲಸ ದೊರೆಯುತ್ತದೆ. ಹದಿನೈದು ಜನರಿರುವಲ್ಲಿ ಅವನೇ ಕ್ರಮವಿಧಿ ಬರೆಯಬೇಕು, ಅವನೇ ಪರೀಕ್ಷಿಸಬೇಕು, ಗಿರಾಕಿಯೊಡನೆ ಅವನೇ ಮಾತಾಡಬೇಕು. ಎರಡು ವರ್ಷಗಳಲ್ಲಿ ಅವನು ಕಲಿಯುವುದು ಬೇರೆಡೆ ಐದು ವರ್ಷಗಳಲ್ಲಿ ಸಾಧ್ಯವಾಗದೆ ಹೋಗಬಹುದು. 2010ರಲ್ಲಿ ಬೆಂಗಳೂರಿನಲ್ಲಿ ಶ್ರೀ ನಿತಿನ್ ಕಾಮತ್ ಅವರು ಆರಂಭಿಸಿದ ಜೆರೋಧಾ ಸಂಸ್ಥೆಯು ದೇಶದ ಅತಿ ದೊಡ್ಡ ಷೇರು ದಲ್ಲಾಳಿ ಸಂಸ್ಥೆಗಳ ಸಾಲಿಗೆ ಏರಿದರೂ, ಅದರ ತಂತ್ರಾಂಶವನ್ನು ನಿರ್ಮಿಸಿ ನಡೆಸಿದ ತಂಡವು ಬಹುಕಾಲ ಮೂವತ್ತು-ಮೂವತ್ತೈದು ಜನರ ಆಸುಪಾಸಿನಲ್ಲಿಯೇ ಇತ್ತು. ಹೊರಗಿನ ಬಂಡವಾಳಗಾರರ ಹಣವನ್ನು ಅವಲಂಬಿಸದೆ ಬೆಳೆದುದು ಆ ಸಂಸ್ಥೆಯ ಇನ್ನೊಂದು ವಿಶೇಷ. ಚಿಕ್ಕ ತಂಡವು ದುರ್ಬಲ ತಂಡವೆಂದು ಭಾವಿಸಲಾಗದು.

ಇದಕ್ಕೆ ವಿರುದ್ಧವಾದ ಪಾಠವೂ ನಮ್ಮ ಕಣ್ಣೆದುರಿನಲ್ಲಿದೆ. ಬೆಂಗಳೂರಿನಲ್ಲಿಯೇ ಹುಟ್ಟಿ, ವಿದ್ಯಾಭ್ಯಾಸದ ತಂತ್ರಾಂಶದಿಂದ ಜಗತ್ಪ್ರಸಿದ್ಧವಾದ ಬೈಜೂಸ್ ಕಂಪೆನಿಯ ಮೌಲ್ಯವನ್ನು 2022ರಲ್ಲಿ 2,200 ಕೋಟಿ ಡಾಲರುಗಳೆಂದು ಎಣಿಸಲಾಗಿತ್ತು. 2024ರ ಆರಂಭದಲ್ಲಿ ಅಲ್ಲಿ ನೌಕರರ ಸಂಬಳ ತಡವಾಯಿತು. ಅದೇ ವರ್ಷದ ಜುಲೈನಲ್ಲಿ ಕಂಪೆನಿ ಕಾನೂನು ನ್ಯಾಯಾಧಿಕರಣವು ಅದರ ವಿರುದ್ಧ ದಿವಾಳಿ ಪ್ರಕ್ರಿಯೆಯ ಅರ್ಜಿಯನ್ನು ಅಂಗೀಕರಿಸಿತು. ಆದ್ದರಿಂದ ಜನಸಂಖ್ಯೆಯೊಂದೇ ಭದ್ರತೆಯ ಪ್ರಮಾಣವಾಗಲಾರದು. ಸಂಬಳದ ಹಣ ಎಲ್ಲಿಂದ ಬರುತ್ತದೆ? ಗಿರಾಕಿಗಳು ಕೊಡುವ ಹಣದಿಂದಲೋ, ಬಂಡವಾಳಗಾರರು ಹೂಡಿದ ಹಣದಿಂದಲೋ? ಗಿರಾಕಿ ಒಬ್ಬನೋ, ಹಲವರೋ? ಗಾತ್ರದ ಪ್ರಶ್ನೆಯ ಹಿಂದೆ ಈ ಪ್ರಶ್ನೆಗಳನ್ನೂ ಇಡಬೇಕು. ಒಂದೇ ಬಾವಿಯನ್ನು ನಂಬಿದ ತೋಟಕ್ಕೂ ಒಬ್ಬನೇ ಗಿರಾಕಿಯನ್ನು ನಂಬಿದ ಕಂಪೆನಿಗೂ ಭೇದವಿಲ್ಲ.

ಇವನ್ನು ಅರಿಯುವ ದಾರಿ ನಾವೆಣಿಸಿದಷ್ಟು ಕಠಿಣವಲ್ಲ. ಕೇಂದ್ರದ ಕಂಪೆನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ನೋಂದಾಯಿತ ಕಂಪೆನಿಯ ಹುಟ್ಟಿದ ದಿನ, ಬಂಡವಾಳ, ನಿರ್ದೇಶಕರ ಹೆಸರು, ಅದು ಚಾಲ್ತಿಯಲ್ಲಿದೆಯೋ ಇಲ್ಲವೋ ಎಂಬ ಸಂಗತಿಗಳು ದೊರೆಯುತ್ತವೆ. ಭವಿಷ್ಯನಿಧಿ ಸಂಘಟನೆಯ ಜಾಲತಾಣದಲ್ಲಿ ಸಂಸ್ಥೆಯ ಹೆಸರನ್ನು ಹುಡುಕಿದರೆ, ಯಾವ ತಿಂಗಳು ಎಷ್ಟು ನೌಕರರ ಪರವಾಗಿ ವಂತಿಗೆ ಕಟ್ಟಲಾಗಿದೆ ಎಂಬುದನ್ನು ಕಾಣಬಹುದು. ‘ನಮ್ಮಲ್ಲಿ ಇನ್ನೂರು ಜನರಿದ್ದಾರೆ’ ಎಂದು ಹೇಳುವ ಕಂಪೆನಿಯು ಮೂವತ್ತು ಜನರಿಗೆ ಮಾತ್ರ ವಂತಿಗೆ ಕಟ್ಟುತ್ತಿದ್ದರೆ ವಿದ್ಯಾರ್ಥಿಯು ಕಾರಣವನ್ನು ವಿಚಾರಿಸಬೇಕು. ತಿಂಗಳು ತಿಂಗಳು ತಪ್ಪದೆ ಕಟ್ಟಿದ್ದರೆ ಅದು ಸಂಸ್ಥೆಯ ಆರೋಗ್ಯದ ಒಂದು ಗುರುತು.

ಮೂರು: ನೇತೃತ್ವ

ದೊಡ್ಡ ಸಂಸ್ಥೆಯಲ್ಲಿ ನಿಯಮಗಳು ಆಳುತ್ತವೆ. ಕಿರಿಯ ಸಂಸ್ಥೆಯಲ್ಲಿ ಮನುಷ್ಯ ಆಳುತ್ತಾನೆ. ಆದಕಾರಣ ಕಿರಿಯ ಸಂಸ್ಥೆಯನ್ನು ತೂಗುವಾಗ ಮೂರನೆಯ ಬಟ್ಟೇ ಎಲ್ಲಕ್ಕಿಂತ ಭಾರವಾದುದು. ಸಂಬಳದ ದಿನ ಖಜಾನೆಯಲ್ಲಿ ಹಣ ಕಡಿಮೆ ಬಿದ್ದಾಗ ಮೊದಲು ಯಾರ ಸಂಬಳ ನಿಲ್ಲುತ್ತದೆ, ಮುಖ್ಯಸ್ಥನದೋ, ಕಿರಿಯ ನೌಕರನದೋ? ಆ ಸಂಸ್ಥೆಯ ನೇತೃತ್ವದ ಸ್ವರೂಪವೆಲ್ಲ ಇದೊಂದರ ಉತ್ತರದಲ್ಲಿದೆ.

ಇನ್ಫೋಸಿಸ್ ಸಂಸ್ಥೆಯೂ ಒಮ್ಮೆ ಅತಿ ಕಿರಿಯದಾಗಿತ್ತು. 1981ರಲ್ಲಿ ಪುಣೆಯಲ್ಲಿ ಏಳು ಜನರು ಸೇರಿ ಅದನ್ನು ಕಟ್ಟಿದರು. ಶಿಡ್ಲಘಟ್ಟದಲ್ಲಿ ಜನಿಸಿದ ಶ್ರೀ ಎನ್. ಆರ್. ನಾರಾಯಣ ಮೂರ್ತಿಯವರು ಅವರಲ್ಲಿ ಮುಖ್ಯರು. ನಮ್ಮ ನೆರೆಯ ಹಾವೇರಿ ಜಿಲ್ಲೆಯ ಶಿಗ್ಗಾಂವಿಯಲ್ಲಿ ಜನಿಸಿದ ಶ್ರೀಮತಿ ಸುಧಾ ಮೂರ್ತಿಯವರು ತಮ್ಮ ಉಳಿತಾಯದಿಂದ ಕೊಟ್ಟ 10,000 ರೂಪಾಯಿಯೇ ಮೂಲ ಬಂಡವಾಳ. 1983ರಲ್ಲಿ ಸಂಸ್ಥೆ ಬೆಂಗಳೂರಿಗೆ ಬಂದಿತು. ಒಂದು ದೂರವಾಣಿಗಾಗಿ, ಒಂದು ಕಂಪ್ಯೂಟರಿನ ಆಮದಿಗಾಗಿ ದೀರ್ಘಕಾಲ ಕಾಯಬೇಕಾದ ದಿನಗಳವು. 1990ರಲ್ಲಿ ಸಂಸ್ಥೆಯನ್ನು ಹತ್ತು ಲಕ್ಷ ಡಾಲರುಗಳಿಗೆ ಕೊಳ್ಳುವ ಪ್ರಸ್ತಾಪ ಬಂದಾಗ ಸ್ಥಾಪಕರಲ್ಲಿ ಹಲವರು ಮಾರಿಬಿಡೋಣವೆಂದರು. ಮೂರ್ತಿಯವರು, ಮಾರಬಯಸುವವರ ಪಾಲನ್ನು ತಾವೇ ಕೊಳ್ಳಲು ಸಿದ್ಧವೆಂದು ಹೇಳಿದರು. ಕೊನೆಗೆ ಯಾರೂ ಮಾರಲಿಲ್ಲ. ಅಂದು ಆ ಸಂಸ್ಥೆಯಲ್ಲಿ ಕಿರಿಯ ನೌಕರನಾಗಿದ್ದವನ ಭವಿಷ್ಯವು ಅವನ ವೇತನಪತ್ರದಲ್ಲಿ ಬರೆದಿರಲಿಲ್ಲ. ಆ ಒಂದು ಸಭೆಯಲ್ಲಿ ಮುಖ್ಯಸ್ಥರು ಆಡಿದ ಮಾತಿನ ಮೇಲೆ ಅದು ನಿಂತಿತ್ತು.

ಒಬ್ಬರ ಬದಲು ಹಲವರು ಸಮಾನವಾಗಿ ನಡೆಸಿದ ಸಂಸ್ಥೆಗೆ ಮೈಂಡ್‌ಟ್ರೀ ನಿದರ್ಶನ. 1999ರಲ್ಲಿ ಶ್ರೀ ಅಶೋಕ್ ಸೂಟಾ, ಶ್ರೀ ಸುಬ್ರತೋ ಬಾಗ್ಚಿ ಮೊದಲಾದ ಹತ್ತು ಮಂದಿ ಬೆಂಗಳೂರಿನಲ್ಲಿ ಅದನ್ನು ಸ್ಥಾಪಿಸಿದರು. ನೌಕರರನ್ನು ಗೌರವದಿಂದ ನಡೆಸಿಕೊಳ್ಳುವ ಸಂಸ್ಥೆಯೆಂದು ಅದು ಹೆಸರು ಗಳಿಸಿತು. ಆದರೆ 2019ರಲ್ಲಿ ಅದರ ಷೇರುಗಳನ್ನು ಕೊಂಡು ಲಾರ್ಸನ್ ಅಂಡ್ ಟೂಬ್ರೊ ಕಂಪೆನಿಯು ಹಿಡಿತ ಸಾಧಿಸಿದಾಗ, ಆಡಳಿತದಲ್ಲಿದ್ದ ಸ್ಥಾಪಕರು ಹೊರನಡೆದರು. 2022ರಲ್ಲಿ ಅದು ಇನ್ನೊಂದು ಸಂಸ್ಥೆಯೊಡನೆ ವಿಲೀನವಾಯಿತು. ನಾಯಕನು ಒಳ್ಳೆಯವನೇ ಎಂಬುದರೊಡನೆ, ಒಡೆತನವು ಅವನ ಕೈಯಲ್ಲಿದೆಯೇ ಎಂಬುದನ್ನೂ ನೋಡಬೇಕೆಂದು ಇದರಿಂದ ತಿಳಿಯುತ್ತದೆ.

ಬೆಂಗಳೂರಿನ ಹೊರಗೆ

ನಮ್ಮ ಸೀಮೆಗೆ ಹತ್ತಿರವಾದ ನಿದರ್ಶನಗಳೂ ಇವೆ. 2005ರಲ್ಲಿ ಶ್ರೀ ವಿವೇಕ್ ಪವಾರ್ ಅವರು ಹುಬ್ಬಳ್ಳಿಯಲ್ಲಿ ಸಂಕಲ್ಪ್ ಸೆಮಿಕಂಡಕ್ಟರ್ ಎಂಬ ಸಂಸ್ಥೆಯನ್ನು ತೆರೆದಾಗ, ಅರೆವಾಹಕ ಚಿಪ್ಪುಗಳ ವಿನ್ಯಾಸವು ಬೆಂಗಳೂರನ್ನು ಬಿಟ್ಟು ಹೊರಗೆ ನಡೆಯಲಾರದೆಂದು ನಂಬಿದವರೇ ಹೆಚ್ಚು. ಆ ಸಂಸ್ಥೆಯು ಉತ್ತರ ಕರ್ನಾಟಕದ ಕಾಲೇಜುಗಳ ಪದವೀಧರರಿಗೆ ತರಬೇತಿ ಕೊಟ್ಟು ಬೆಳೆಯಿತು. 2019ರಲ್ಲಿ ಎಚ್‌ಸಿಎಲ್ ಕಂಪೆನಿಯು ಅದನ್ನು 180 ಕೋಟಿ ರೂಪಾಯಿಗಳಿಗೆ ಕೊಂಡಿತು. ಉಡುಪಿಯಲ್ಲಿ 1996ರಲ್ಲಿ ಶ್ರೀ ರೋಹಿತ್ ಭಟ್ ಅವರು ಆರಂಭಿಸಿದ ರೋಬೋಸಾಫ್ಟ್ ಸಂಸ್ಥೆಯು ಆ್ಯಪಲ್ ಕಂಪ್ಯೂಟರುಗಳಿಗೆ ತಂತ್ರಾಂಶ ಬರೆಯುವುದರಿಂದ ತೊಡಗಿ ಹೆಸರುವಾಸಿಯಾಯಿತು. 2021ರಲ್ಲಿ ಜಪಾನಿನ ಟೆಕ್ನೊಪ್ರೊ ಸಂಸ್ಥೆ ಅದನ್ನು ಕೊಂಡಿತು. ಇನ್ನೂ ಚಿಕ್ಕ ಊರಾದ ಬಾಗೇಪಲ್ಲಿಯಲ್ಲಿ 2008ರಲ್ಲಿ ಸ್ಥಾಪಿತವಾದ ರೂರಲ್‌ಶೋರ್ಸ್ ಸಂಸ್ಥೆಯು, ಹಳ್ಳಿಯ ಯುವಕ ಯುವತಿಯರಿಗೆ ಮನೆಯಿಂದ ಹೋಗಿಬಂದು ಮಾಡುವ ಗಣಕ ಕಚೇರಿಯ ಕೆಲಸವನ್ನು ಕೊಡುವ ಉದ್ದೇಶದಿಂದ ತನ್ನ ಮೊದಲ ಕೇಂದ್ರವನ್ನು ತೆರೆಯಿತು.

ಈ ಮೂರನ್ನೂ ನಮ್ಮ ತಕ್ಕಡಿಯಲ್ಲಿಟ್ಟು ನೋಡಬಹುದು. ಹುಬ್ಬಳ್ಳಿ, ಉಡುಪಿಗಳಂಥ ಊರುಗಳಲ್ಲಿ ಕಾಗದದ ವೇತನ ಬೆಂಗಳೂರಿಗಿಂತ ಕಡಿಮೆ ಇರುವುದು ಸಹಜ. ಖರ್ಚು ಅದಕ್ಕಿಂತಲೂ ಕಡಿಮೆ. ಗಾತ್ರವು ಮಧ್ಯಮವಾಗಿ, ಕಾನೂನಿನ ರಕ್ಷಣೆಗಳೆಲ್ಲ ಅನ್ವಯಿಸುವಷ್ಟಿರುತ್ತದೆ. ಸ್ಥಾಪಕನು ಅದೇ ಊರಿನಲ್ಲಿ ನೆಲೆಸಿದವನಾದರೆ ಅವನ ನಡತೆಯನ್ನು ಊರೇ ಬಲ್ಲದು. ಕೊರತೆಯೆಂದರೆ, ಆ ಸಂಸ್ಥೆಯನ್ನು ಬಿಟ್ಟರೆ ಅದೇ ಊರಿನಲ್ಲಿ ಇನ್ನೊಂದು ಬಾಗಿಲು ಸುಲಭವಾಗಿ ತೆರೆಯದು. ಬಾಗೇಪಲ್ಲಿಯಂಥ ಊರಿನ ಕೆಲಸದಲ್ಲಿ ಇಂಜಿನಿಯರನ ವಿದ್ಯೆಗೆ ಅವಕಾಶ ಕಡಿಮೆ. ಆದರೆ ವೃದ್ಧ ತಂದೆತಾಯಿಗಳನ್ನು ಬಿಟ್ಟು ಹೋಗಲಾಗದ ಪದವೀಧರ ಹೆಣ್ಣುಮಗಳಿಗೆ ಅದು ದೊಡ್ಡ ಆಸರೆ. ಯಾವ ಸಂಸ್ಥೆ ಒಳ್ಳೆಯದೆಂದು ಕೇಳುವ ಮೊದಲು, ಯಾರಿಗೆ ಒಳ್ಳೆಯದೆಂದು ಕೇಳಬೇಕಾಗುತ್ತದೆ.

ವಿದ್ಯಾರ್ಥಿಯು ಕೇಳಬೇಕಾದ ಪ್ರಶ್ನೆಗಳು

ಮೇಲಿನ ವಿವೇಚನೆಯನ್ನು ತರಗತಿಯಲ್ಲಿ ಬೋಧಿಸಲು ಅನುಕೂಲವಾಗುವಂತೆ ಹೀಗೆ ಸಂಗ್ರಹಿಸಬಹುದು:

1. ವಾರ್ಷಿಕ ಮೊತ್ತದಲ್ಲಿ ಪ್ರತಿ ತಿಂಗಳು ಖಚಿತವಾಗಿ ಕೈಗೆ ಬರುವುದೆಷ್ಟು? ಆ ಊರಿನ ಖರ್ಚು ಕಳೆದರೆ ಉಳಿಯುವುದೆಷ್ಟು?

2. ವರ್ಷಾಂತ್ಯದ ಹಣವನ್ನು ಕಳೆದ ವರ್ಷ ಎಷ್ಟು ಜನರಿಗೆ, ಎಷ್ಟು ಪಾಲು ಕೊಡಲಾಯಿತು?

3. ನೌಕರರ ಸಂಖ್ಯೆ ಎಷ್ಟು? ಭವಿಷ್ಯನಿಧಿ, ವಿಮೆ ಇವೆಯೇ?

4. ಸಂಸ್ಥೆಗೆ ವಯಸ್ಸೆಷ್ಟು? ಸಂಬಳದ ಹಣ ಗಿರಾಕಿಗಳಿಂದಲೋ, ಬಂಡವಾಳಗಾರರಿಂದಲೋ?

5. ಮುಖ್ಯಸ್ಥರು ಹಿಂದೆ ಏನು ಮಾಡಿದ್ದಾರೆ? ಅವರ ಕೈಕೆಳಗೆ ಮೂರು ವರ್ಷಕ್ಕೂ ಹೆಚ್ಚು ಕಾಲ ದುಡಿದವರು ಎಷ್ಟು ಮಂದಿ ಇದ್ದಾರೆ? ಅವರಲ್ಲಿ ಒಬ್ಬರೊಡನೆ ಮಾತನಾಡಬಹುದೇ?

6. ನನಗೆ ಕೆಲಸ ಕಲಿಸುವ ಹಿರಿಯರು ಯಾರು?

7. ಕರಾರುಪತ್ರದಲ್ಲಿ, ಅಂದರೆ ‘ಬಾಂಡ್’ ಎಂಬುದರಲ್ಲಿ, ಎಷ್ಟು ವರ್ಷ ಎಷ್ಟು ಹಣಕ್ಕೆ ಕಟ್ಟಿಹಾಕಲಾಗಿದೆ?

ಕೊನೆಯ ಪ್ರಶ್ನೆಯ ಬಗೆಗೆ ಒಂದು ಎಚ್ಚರಿಕೆ ಅಗತ್ಯ. ಇಂಥ ಕರಾರುಗಳೆಲ್ಲ ಕಾನೂನಿನಲ್ಲಿ ನಿಲ್ಲುವುದಿಲ್ಲವೆಂಬ ಮಾತು ಹುಡುಗರಲ್ಲಿ ಪ್ರಚಲಿತವಾಗಿದೆ. ಸಾರ್ವಜನಿಕ ವಲಯದ ಬ್ಯಾಂಕೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ, ಮೂರು ವರ್ಷದ ಸೇವೆಗೆ 2 ಲಕ್ಷ ರೂಪಾಯಿಗಳ ಕರಾರನ್ನು ಎತ್ತಿಹಿಡಿದಿದೆ. ಸಹಿ ಮಾಡಿದ ಮೇಲೆ ವಾದಿಸುವುದಕ್ಕಿಂತ ಸಹಿ ಮಾಡುವ ಮೊದಲು ಓದುವುದು ಮೇಲು. ಮೂಲ ಅಂಕಪಟ್ಟಿಗಳನ್ನಂತೂ ಯಾರ ಕೈಯಲ್ಲಿಯೂ ಬಿಟ್ಟು ಬರಬಾರದು. ತೋರಿಸಿ, ನಕಲು ಕೊಟ್ಟು, ಮೂಲವನ್ನು ಮರಳಿ ತರಬೇಕು.

ನಮ್ಮ ಕರ್ತವ್ಯ

ಇಷ್ಟೆಲ್ಲವನ್ನು ಕೇಳುವ ಧೈರ್ಯ ನಮ್ಮ ಮಕ್ಕಳಿಗೆ ಎಲ್ಲಿಂದ ಬರಬೇಕು? ಸಾಲದ ಬಡ್ಡಿ ಬೆನ್ನಟ್ಟುತ್ತಿರುವಾಗ, ಮೊದಲು ಬಂದ ಪತ್ರಕ್ಕೆ ಕಣ್ಣುಮುಚ್ಚಿ ಸಹಿ ಹಾಕುವುದು ಮನುಷ್ಯ ಸಹಜ. ಆದುದರಿಂದ ಈ ವಿಷಯದಲ್ಲಿ ಶಾಲೆಯ ಹಿತೈಷಿಗಳಾದ ನಮ್ಮೆಲ್ಲರಿಗೂ ಪಾಲಿದೆ.

ಅಧ್ಯಾಪಕರು ಪ್ರೌಢಶಾಲೆಯ ಗಣಿತದಲ್ಲಿಯೇ ಸಂಬಳದ ಪತ್ರವನ್ನು ಬಿಡಿಸುವ ಲೆಕ್ಕವನ್ನು ಸೇರಿಸಿಕೊಳ್ಳಬಹುದು. ಸರಳ ಬಡ್ಡಿಯನ್ನು ಕಲಿಸುವ ನಾವು ಇದನ್ನು ಕಲಿಸಲಾರೆವೇ? ಹಳೆಯ ವಿದ್ಯಾರ್ಥಿಗಳು ತಾವು ದುಡಿಯುವ ಸಂಸ್ಥೆಯ ವಿಷಯದಲ್ಲಿ, ಅದರ ಗಾತ್ರ, ಹೊಸಬರಿಗೆ ಕೈಗೆ ಸಿಗುವ ಸಂಬಳ, ಮುಖ್ಯಸ್ಥರ ನಡೆ ಇವುಗಳನ್ನು ಒಂದು ಪುಟದಲ್ಲಿ ಬರೆದು ಶಾಲೆಗೆ ಕಳಿಸಿದರೆ, ಕೆಲವೇ ವರ್ಷಗಳಲ್ಲಿ ಗ್ರಂಥಾಲಯದಲ್ಲಿ ಬೆಲೆಕಟ್ಟಲಾಗದ ಒಂದು ದಫ್ತರ ಸಿದ್ಧವಾಗುತ್ತದೆ. ಹರಪನಹಳ್ಳಿಯ ಹುಡುಗಿಯೊಬ್ಬಳು ನೌಕರಿಗೆ ಹೊರಡುವ ಮೊದಲು, ಅದೇ ಕಂಪೆನಿಯಲ್ಲಿ ದುಡಿದ ಹಗರಿಬೊಮ್ಮನಹಳ್ಳಿಯ ಅಣ್ಣನೊಬ್ಬನ ಬರಹವನ್ನು ಓದುವಂತಾದರೆ ಅದಕ್ಕಿಂತ ಉತ್ತಮ ಶಿಫಾರಸು ಇನ್ನಾವುದು?

ದಾನಿಗಳಲ್ಲಿ ಒಂದು ಬಿನ್ನಹ. ಕಟ್ಟಡಕ್ಕೆ, ಅನ್ನಕ್ಕೆ, ಪುಸ್ತಕಕ್ಕೆ ತಾವು ಕೊಟ್ಟುದರಿಂದಲೇ ಈ ಶಾಲೆ ನಿಂತಿದೆ. ಅದರೊಡನೆ, ಪದವಿ ಮುಗಿಸಿದ ಬಡ ವಿದ್ಯಾರ್ಥಿಗೆ ಮೂರು ತಿಂಗಳ ಮಟ್ಟಿಗೆ ಬಡ್ಡಿಯಿಲ್ಲದ ಸಾಲವಾಗಿ ಕೊಡುವ ಒಂದು ಚಿಕ್ಕ ನಿಧಿಯನ್ನು ಕಟ್ಟಿದರೆ, ಅವನು ಮೊದಲ ಪತ್ರಕ್ಕೆ ಶರಣಾಗದೆ ಎರಡನೆಯ ಪತ್ರಕ್ಕೆ ಕಾಯಬಲ್ಲನು. ನೆಲೆ ನಿಂತ ಮೇಲೆ ಅವನು ಮರಳಿ ಕಟ್ಟಿದ ಹಣ ಮುಂದಿನವನಿಗೆ ಸಲ್ಲುತ್ತದೆ.

ನಮ್ಮ ಆ ವಿದ್ಯಾರ್ಥಿಯು ಈಗ ನಲವತ್ತು ಜನರ ಒಂದು ಸಂಸ್ಥೆಯಲ್ಲಿದ್ದಾನೆ. ಸಂಬಳ ಮಧ್ಯಮ, ಪ್ರತಿ ತಿಂಗಳು ಒಂದನೆಯ ತಾರೀಖಿಗೆ ತಪ್ಪದೆ ಬರುತ್ತದೆ. ಮುಖ್ಯಸ್ಥರು ಅವನ ಪಕ್ಕದ ಮೇಜಿನಲ್ಲಿಯೇ ಕುಳಿತು ಕೆಲಸ ಮಾಡುತ್ತಾರಂತೆ. ಒತ್ತೆಯಿಟ್ಟ ಎರಡು ಎಕರೆಯಲ್ಲಿ ಒಂದು ಎಕರೆ ಬಿಡುಗಡೆಯಾಗಿದೆ. ಕಳೆದ ಬೇಸಿಗೆಯಲ್ಲಿ ಊರಿಗೆ ಬಂದಾಗ ಅವನು ತನ್ನ ತಮ್ಮನನ್ನು ಕರೆದುಕೊಂಡು ನಮ್ಮ ಮನೆಗೆ ಬಂದನು. ತಮ್ಮನ ಕೈಯಲ್ಲಿ ಒಂದು ನೌಕರಿಯ ಪತ್ರವಿತ್ತು. ಈ ಸಲ ನಾವು ಮೂವರೂ ಪಡಸಾಲೆಯಲ್ಲಿ ಕುಳಿತು, ಕಾಗದ ಪೆನ್ಸಿಲು ಹಿಡಿದು, ಮೊದಲ ಸಾಲಿನಿಂದ ಲೆಕ್ಕ ಹಾಕಿದೆವು.